ಕ್ರಿಸ್‌ಮಸ್ ಟ್ರೀ ಅಂತೀವಲ್ಲ, ಅದರ ಹುಟ್ಟೂರು ಯಾವುದು?

ಭಾಗ 1

ಡಿಸೆಂಬರ್ ಬಂತು ಅಂದ್ರೆ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗೋ ಹೈವೇ ಪಕ್ಕದ ನರ್ಸರಿಗಳಲ್ಲಿ ಒಂದು ಗಿಡ ಹಿಂದಿನ ಸಾಲಿಂದ ಮುಂದಿನ ಸಾಲಿಗೆ ಬರುತ್ತೆ. ಕಪ್ಪು ಪ್ಲಾಸ್ಟಿಕ್ ಕುಂಡ, ಮೊಳಕಾಲುದ್ದ, ಅಂತಸ್ತು ಅಂತಸ್ತಾಗಿ ಕೊಂಬೆ, ಮುಟ್ಟಿದ್ರೆ ಚುಚ್ಚದ ಮೆತ್ತನೆ ಸೂಜಿ ಎಲೆ. ಕೇಳಿದ್ರೆ "ಕ್ರಿಸ್‌ಮಸ್ ಟ್ರೀ ಸಾರ್" ಅಂತಾರೆ. ಮೊದಲ ಫೋಟೋದಲ್ಲಿ ಇರೋದು ಅದೇ. ನಮ್ಮ ಕಳವಾರದ ಮನೆ ತಾರಸಿ ಮೇಲೆ, ಹಿಂದೆ ಸ್ಕಂದಗಿರಿ ಕಾಣ್ತಿದೆಯಲ್ಲ, ಅದರ ಮುಂದೆ ಇಟ್ಟು ತೆಗೆದದ್ದು.

ಈ ಮೆತ್ತನೆ ಗಿಡದ ಒಂದು ಜಾತಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿದೆ. ಅಂದ್ರೆ ಅದರ ಹುಟ್ಟೂರಿನ ಕಾಡಿನಲ್ಲಿ ಅದು ಅಪಾಯಕ್ಕೆ ಈಡಾಗಬಹುದಾದ ಮರ. ಹುಟ್ಟೂರಲ್ಲಿ ಅಪಾಯ, ನಮ್ಮ ಹೈವೇ ಪಕ್ಕ ಸಾಲು ಸಾಲು ಮಾರಾಟ. ಇದು ಹೇಗೆ ಸಾಧ್ಯ? ಈ ಸರಣಿ ಅದಕ್ಕೇ. ಬೋನ್ಸಾಯ್ ಮಾಡೋ ಆಸೆ ಇರೋ ನಮ್ಮ ಕ್ಲಾಸಿನ ಗ್ಯಾಂಗ್ ಪೂರ್ತಿ ಓದಿ, ಆಮೇಲೆ ಕತ್ತರಿ ಹಿಡೀರಿ.

ಭಾಗ 2

ಭೂಪಟ ತೆಗೀರಿ. ಆಸ್ಟ್ರೇಲಿಯಾದ ಪೂರ್ವಕ್ಕೆ, ನ್ಯೂಜಿಲೆಂಡ್‌ಗೂ ನ್ಯೂ ಕ್ಯಾಲೆಡೋನಿಯಾಕ್ಕೂ ನಡುವೆ, ನೀಲಿ ಬಣ್ಣದಲ್ಲಿ ಒಂದು ಚುಕ್ಕೆ. ನಾರ್ಫೋಕ್ ದ್ವೀಪ. ಕಳವಾರದಿಂದ ಹತ್ತು ಸಾವಿರ ಕಿಲೋಮೀಟರಿಗೂ ಆಚೆ. ದ್ವೀಪದ ಒಟ್ಟು ವಿಸ್ತೀರ್ಣ ಸುಮಾರು 35 ಚದರ ಕಿಲೋಮೀಟರ್. ಉದ್ದ ಎಂಟು, ಅಗಲ ಐದು ಅಂದ್ಕೊಳ್ಳಿ. ಅಲ್ಲಿನ ಅತಿ ಎತ್ತರದ ಗುಡ್ಡ 319 ಮೀಟರ್. ನಮ್ಮ ನಂದಿ ಬೆಟ್ಟ 1,478 ಮೀಟರ್. ಅಷ್ಟು ಚಿಕ್ಕ ಜಾಗ, ಸುತ್ತ ಸಮುದ್ರ, ವರ್ಷವಿಡೀ ಉಪ್ಪುಗಾಳಿ. ಆ ಗಾಳಿಗೆ ಒಗ್ಗಿಕೊಂಡು, ಬಂಡೆ ಅಂಚಿನವರೆಗೂ ನೆಟ್ಟಗೆ ನಿಂತ ಮರ ನಾರ್ಫೋಕ್ ಪೈನ್. ಐವತ್ತು ಮೀಟರ್ ದಾಟುತ್ತೆ. ಹೆಸರಲ್ಲಿ ಪೈನ್ ಇದ್ರೂ ಹಿಮಾಲಯದ ಪೈನ್ ಕುಟುಂಬಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಅರಾಕೇರಿಯಾ. ಶಾಸ್ತ್ರೀಯ ಹೆಸರು ಅರಾಕೇರಿಯಾ ಹೆಟರೋಫಿಲ್ಲಾ. ಹೆಟರೋಫಿಲ್ಲಾ ಅಂದ್ರೆ ಬೇರೆ ಬೇರೆ ಬಗೆಯ ಎಲೆಯುಳ್ಳದ್ದು. ಎಳೆ ಗಿಡದಲ್ಲಿ ಮೆತ್ತನೆ ಸೂಜಿ, ಬಲಿತ ಮರದಲ್ಲಿ ಹುರುಪೆ ಥರ ಒತ್ತಾಗಿ ಹೊದ್ದುಕೊಂಡ ಗಟ್ಟಿ ಎಲೆ.

1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೇ ಯಾನದಲ್ಲಿ ರೆಸೊಲ್ಯೂಷನ್ ಹಡಗಿನಲ್ಲಿ ಈ ಕಡೆ ಬಂದ. ಸೆಪ್ಟೆಂಬರ್‌ನಲ್ಲಿ ನ್ಯೂ ಕ್ಯಾಲೆಡೋನಿಯಾ ದಡದ ಹತ್ತಿರ ದೂರದಲ್ಲಿ ಉದ್ದುದ್ದ ಕಂಬಗಳ ಗುಂಪು ಕಾಣಿಸ್ತು. ಹಡಗಲ್ಲಿದ್ದ ವಿಜ್ಞಾನಿಗಳು ಅದು ಕಲ್ಲಿನ ಕಂಬ, ಜ್ವಾಲಾಮುಖಿಯ ಬಸಾಲ್ಟ್ ಅಂತ ವಾದಿಸಿದ್ರು. ಕುಕ್ ಮರ ಅಂದ. ಹತ್ತಿರ ಹೋಗಿ ನೋಡಿದ್ರೆ ಕುಕ್ ಹೇಳಿದ್ದೇ ಸರಿ. ಮುಂದೆ ಆ ಮರಕ್ಕೆ ಅಂಟಿದ ಹೆಸರು ಮಾತ್ರ ಜಗಳ ಮರೀಲಿಲ್ಲ: ಅರಾಕೇರಿಯಾ ಕಾಲಮ್ನಾರಿಸ್, ಅಂದ್ರೆ ಕಂಬದಂಥದ್ದು. ಕುಕ್ ಪೈನ್ ಅನ್ನೋದೂ ಅದನ್ನೇ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಐದನೇ ಭಾಗದಲ್ಲಿ ಇದೇ ಕಂಬ ಲಾಲ್‌ಬಾಗ್‌ಗೆ ಬರುತ್ತೆ.

ಕೆಲವೇ ದಿನ ಕಳೆದು, ಅಕ್ಟೋಬರ್ 10ಕ್ಕೆ, ಅದೇ ಹಡಗು ನಾರ್ಫೋಕ್ ದ್ವೀಪ ಕಂಡಿತು. ಅಲ್ಲಿ ಇನ್ನೊಂದು ಜಾತಿಯ ಅರಾಕೇರಿಯಾ ಕಾಡು. ಕುಕ್ ಕಣ್ಣಿಗೆ ಅದು ಕಾಡಾಗಿ ಅಲ್ಲ, ಹಾಯಿಕಂಬವಾಗಿ ಕಾಣಿಸ್ತು.

ಭಾಗ 3

ಹಾಯಿಕಂಬ ಅಂದ್ರೆ ಆ ಕಾಲಕ್ಕೆ ಇವತ್ತಿನ ಪೆಟ್ರೋಲ್ ಇದ್ದ ಹಾಗೆ. ನೇರವಾದ, ಗಂಟಿಲ್ಲದ ಉದ್ದ ಮರ ಇಲ್ಲ ಅಂದ್ರೆ ಯುದ್ಧನೌಕೆ ಇಲ್ಲ. ಬ್ರಿಟಿಷರು ಅದಕ್ಕಾಗಿ ಬಾಲ್ಟಿಕ್ ಕಡೆಯ ಕಾಡುಗಳನ್ನ ನಂಬಿಕೊಂಡಿದ್ರು. ಹಾಗಾಗಿ 1788ರಲ್ಲಿ ಸಿಡ್ನಿಯಲ್ಲಿ ಕೈದಿಗಳ ವಸಾಹತು ಶುರುವಾದ ಕೆಲವೇ ವಾರಕ್ಕೆ, ಲೆಫ್ಟಿನೆಂಟ್ ಫಿಲಿಪ್ ಗಿಡ್ಲಿ ಕಿಂಗ್ ಜೊತೆ ಇಪ್ಪತ್ತು ಚಿಲ್ಲರೆ ಜನರನ್ನ ನಾರ್ಫೋಕ್‌ಗೆ ಕಳಿಸಿದ್ರು. ಅವರಲ್ಲಿ ಹೆಚ್ಚಿನವರು ಕೈದಿಗಳು, ಹೆಂಗಸರೂ ಇದ್ರು. ಮರ ಕಡಿಯೋದು, ಅಗಸೆ ಥರದ ನಾರು ತೆಗೆಯೋದು ಕೆಲಸ.

ಕಡಿದು ನೋಡಿದ್ರೆ ಮರ ಮೋಸ ಮಾಡ್ತು. ಹೊರಗಿಂದ ಅಷ್ಟು ನೇರ, ಒಳಗೆ ಪೆಡಸು. ಹಾಯಿಕಂಬಕ್ಕೆ ಬೇಕಾದ ಬಾಗುವ ಶಕ್ತಿ ಇಲ್ಲ. ಆದ್ರೆ ಅಷ್ಟರಲ್ಲಿ ಜನ ಬಂದು ಇಳಿದಾಗಿತ್ತು. ಮನೆ ಕಟ್ಟೋಕೆ ಆ ಮರ ಸಾಕಾಗ್ತಿತ್ತು, ಬೇಸಾಯಕ್ಕೆ ಜಾಗ ಬೇಕಿತ್ತು, ಕಾಡು ಕರಗ್ತಾ ಹೋಯ್ತು. 1814ಕ್ಕೆ ವಸಾಹತು ಮುಚ್ಚಿದ್ರು. 1825ರಲ್ಲಿ ಮತ್ತೆ ತೆಗೆದದ್ದು ಅಪ್ಪಟ ಸೆರೆಮನೆಯಾಗಿ, ಬೇರೆ ಸೆರೆಮನೆಗಳಲ್ಲಿ ಮತ್ತೆ ತಪ್ಪು ಮಾಡಿದವರನ್ನ ತಂದು ಹಾಕೋ ಜಾಗವಾಗಿ. 1855ರ ತನಕ ನಡೀತು. ನಮ್ಮಲ್ಲಿ ಅಂಡಮಾನ್ ಅಂದ್ರೆ ಬರುತ್ತಲ್ಲ ಆ ಭಯ, ಅದೇ ಥರದ್ದು.

1856ರಲ್ಲಿ ಸೆರೆಮನೆ ಖಾಲಿ ಜಾಗಕ್ಕೆ ಪಿಟ್‌ಕೇರ್ನ್ ದ್ವೀಪದಿಂದ ಇನ್ನೂರರ ಹತ್ತಿರ ಜನ ಬಂದು ನೆಲೆಸಿದ್ರು. ಇವರು ಬೌಂಟಿ ಹಡಗಿನ ಬಂಡಾಯಗಾರರ ಮೊಮ್ಮಕ್ಕಳು, ಮರಿಮಕ್ಕಳು. ಬೌಂಟಿ ಸಾಗಿಸ್ತಿದ್ದದ್ದು ಏನು ಗೊತ್ತಾ? ಗಿಡಗಳನ್ನೇ. ದೀವಿಹಲಸಿನ ಸಸಿ, ಮಂಗಳೂರಿನ ಕಡೆ ಜೀಗುಜ್ಜೆ ಅಂತಾರಲ್ಲ, ಅದು. ವೆಸ್ಟ್ ಇಂಡೀಸ್‌ನ ತೋಟಗಳ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ ಟಹೀಟಿಯಿಂದ ಒಯ್ಯುತ್ತಿದ್ರು. 1789ರಲ್ಲಿ ಬಂಡಾಯ ಎದ್ದವರು ಆ ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದ್ರು. ಅವರ ಸಂತತಿ ಕೊನೆಗೆ ಪೈನ್ ಮರಗಳ ದ್ವೀಪದಲ್ಲಿ ಬೇರು ಬಿಡ್ತು. ಇವತ್ತು ಅವರ ಬಾವುಟದ ನಡುವೆ ಇರೋದು ಒಂದೇ ಒಂದು ಹಸಿರು ನಾರ್ಫೋಕ್ ಪೈನ್.

ಭಾಗ 4

"ಇದೆಲ್ಲ ಎಲ್ಲೋ ದೂರದ ಕಥೆ, ನಮ್ಮೂರಿಗೇನು?" ಅಂತೀರಾ. ತಾರೀಕು ಹೊಂದಿಸಿ ನೋಡಿ. ನಾರ್ಫೋಕ್‌ನಲ್ಲಿ ಕೈದಿಗಳು ಪೈನ್ ಕಡೀತಿದ್ದ ವರ್ಷಗಳಲ್ಲೇ, 1791ರ ಅಕ್ಟೋಬರ್‌ನಲ್ಲಿ, ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗಕ್ಕೆ ಲಗ್ಗೆ ಹಾಕಿ ಟಿಪ್ಪುವಿನ ಕೋಟೆ ಹಿಡೀತು. ಹಡಗು ಯಾರದೋ, ತೋಪು ಯಾರದೋ, ಎರಡರ ಹಿಂದೆಯೂ ಒಂದೇ ಸಾಮ್ರಾಜ್ಯ. ಟಿಪ್ಪು ಸತ್ತ ಮೇಲೆ ಹೈದರಾಲಿ ಶುರು ಮಾಡಿದ್ದ ಲಾಲ್‌ಬಾಗ್ ಕೂಡ ಆ ಸಾಮ್ರಾಜ್ಯದ ಕೈಗೆ ಹೋಯ್ತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನ ಆಯ್ತು. ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದ. 1874ರಿಂದ ಜಾನ್ ಕ್ಯಾಮರನ್, 1908ರಿಂದ ಜರ್ಮನಿಯ ಕ್ರುಂಬಿಗಲ್. ಜಗತ್ತಿನ ಮೂಲೆ ಮೂಲೆಯ ಬೀಜ, ಸಸಿ ಹಡಗಿನಲ್ಲಿ ಬಂದು ಇಲ್ಲಿ ಇಳೀತಿತ್ತು. 1830ರ ದಶಕದಲ್ಲಿ ವಾರ್ಡ್ ಅನ್ನೋ ವೈದ್ಯನ ಗಾಜಿನ ಪೆಟ್ಟಿಗೆ ಬಂದ ಮೇಲೆ ಸಸಿಗಳು ಉಪ್ಪುಗಾಳಿಗೆ ಸಾಯದೆ ತಿಂಗಳುಗಟ್ಟಲೆ ಪ್ರಯಾಣ ಮಾಡೋಕೆ ಶುರುವಾಯ್ತು. ನಾವು ಊಟಕ್ಕೆ ತರೋ ಎಷ್ಟೋ ತರಕಾರಿ, ದಾರಿ ಬದಿ ನೆರಳಿನ ಎಷ್ಟೋ ಮರ ಇದೇ ದಾರಿಯಲ್ಲಿ ಬಂದದ್ದು.

ಇಲ್ಲೊಂದು ಅಡ್ಡಮಾತು. ನಮ್ಮ ಜಿಲ್ಲೆಯ ನೀಲಗಿರಿ ಮರವನ್ನ ಸುಮಾರು 1790ರಲ್ಲಿ ಟಿಪ್ಪುವೇ ನಂದಿ ಬೆಟ್ಟದಲ್ಲಿ ನೆಡಿಸಿದ ಅಂತ ಅರಣ್ಯದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೀತಾರೆ. ನೀಲಗಿರಿಯ ತವರು ಆಸ್ಟ್ರೇಲಿಯಾ. ಬ್ರಿಟಿಷರು ಅಲ್ಲಿ ಊರು ಕಟ್ಟಿದ್ದೇ 1788ರಲ್ಲಿ, ಆ ಕುಲಕ್ಕೆ ಯೂಕಲಿಪ್ಟಸ್ ಅಂತ ಹೆಸರಿಟ್ಟಿದ್ದೂ ಅದೇ ವರ್ಷ. ಎರಡೇ ವರ್ಷದಲ್ಲಿ ಬ್ರಿಟಿಷರ ಶತ್ರುವಿನ ತೋಟಕ್ಕೆ ಬೀಜ ಬಂತು ಅನ್ನೋದು ನನಗಂತೂ ಸುಲಭವಾಗಿ ಗಂಟಲಲ್ಲಿ ಇಳಿಯಲ್ಲ. ಹೇಗೆ ಬಂದಿದ್ರೂ ಸರಿ, ಆಮೇಲೆ ಎಕರೆಗಟ್ಟಲೆ ನೆಟ್ಟರು, ಅಂತರ್ಜಲ ಕುಸೀತು ಅನ್ನೋ ಕೂಗೆದ್ದು 2017ರಲ್ಲಿ ಹೊಸದಾಗಿ ನೆಡೋದನ್ನ ಸರ್ಕಾರ ನಿಷೇಧಿಸ್ತು. ಒಂದೇ ಕಡೆಯಿಂದ ಬಂದ ಎರಡು ಮರದಲ್ಲಿ ಒಂದು ನಮ್ಮ ಹೊಲ ಹಿಡೀತು, ಇನ್ನೊಂದು ಕುಂಡದಲ್ಲೇ ಉಳೀತು.

ಭಾಗ 5

1961ರ ಫೆಬ್ರವರಿ. ರಾಣಿ ಎರಡನೇ ಎಲಿಜಬೆತ್ ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್‌ನಲ್ಲಿ ಒಂದು ಸಸಿ ನೆಟ್ಟರು. ಅದೇ ಪ್ರವಾಸದಲ್ಲಿ ತಂಗಿದ್ದು ನಮ್ಮ ನಂದಿ ಬೆಟ್ಟದ ಮೇಲೆ. ನೆಟ್ಟ ಸಸಿ ಅರಾಕೇರಿಯಾ ಕುಕಿ, ಅಂದ್ರೆ ಕುಕ್ ಪೈನ್. 2022ರಲ್ಲಿ ರಾಣಿ ತೀರಿಕೊಂಡಾಗ ಪತ್ರಿಕೆಗಳು ಆ ಮರದ ಫೋಟೋ ಹಾಕಿ "ಕ್ರಿಸ್‌ಮಸ್ ಟ್ರೀ" ಅಂತ ಬರೆದ್ವು.

ಈಗ ವಿಷಯಕ್ಕೆ ಬಂದ್ವಿ. ಹೈವೇ ನರ್ಸರಿ ಗಿಡ ಕ್ರಿಸ್‌ಮಸ್ ಟ್ರೀ, ರಾಣಿಯ ಮರ ಕ್ರಿಸ್‌ಮಸ್ ಟ್ರೀ, ನಾರ್ಫೋಕ್ ದ್ವೀಪದ ಮರವೂ ಕ್ರಿಸ್‌ಮಸ್ ಟ್ರೀ. ಹೆಸರು ಒಂದು, ಮರ ಎರಡು. ಕೆಂಪು ಪಟ್ಟಿಯಲ್ಲಿ ಅಪಾಯದ ಗುರುತು ಇರೋದು ನಾರ್ಫೋಕ್‌ನ ಹೆಟರೋಫಿಲ್ಲಾಗೆ. ಕುಕ್ ಪೈನ್‌ಗೆ ಆ ಗುರುತಿಲ್ಲ. ಎಳೆಯದಾಗಿದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ತೋಟಗಾರರೂ ತಬ್ಬಿಬ್ಬಾಗ್ತಾರೆ. ಹವಾಯಿ, ಫ್ಲೋರಿಡಾದಲ್ಲಿ ನಾರ್ಫೋಕ್ ಅಂತ ಮಾರಿದ ಎಷ್ಟೋ ಗಿಡ ಬೆಳೆದ ಮೇಲೆ ಕುಕ್ ಅಂತ ಗೊತ್ತಾಗಿದೆ.

ದೊಡ್ಡ ಮರ ಆದ್ರೆ ಗುರುತು ಹಿಡಿಯಬಹುದು. ನಾರ್ಫೋಕ್ ಅಗಲ, ಅಂತಸ್ತುಗಳ ನಡುವೆ ಆಕಾಶ ಕಾಣುತ್ತೆ, ಕಾಂಡ ನೆಟ್ಟಗೆ. ಕುಕ್ ಸಪೂರ, ಕೊಂಬೆ ಚಿಕ್ಕದು, ಒತ್ತಾಗಿ, ತೊಗಟೆ ಕಾಗದದ ಥರ ಸುರುಳಿ ಸುರುಳಿಯಾಗಿ ಏಳುತ್ತೆ. ಮತ್ತೆ ಅದು ವಾಲುತ್ತೆ. ಸುಮ್ಮನೆ ಎಲ್ಲೆಲ್ಲೋ ಅಲ್ಲ, ಸಮಭಾಜಕ ವೃತ್ತದ ಕಡೆಗೇ! 2017ರಲ್ಲಿ ವಿಜ್ಞಾನಿಗಳು ಐದು ಖಂಡಗಳ 18 ಪ್ರದೇಶಗಳಲ್ಲಿ 256 ಮರ ಅಳೆದು ಪ್ರಕಟಿಸಿದ್ರು: ಸರಾಸರಿ 8.55 ಡಿಗ್ರಿ ವಾಲು. ಉತ್ತರ ಗೋಲಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಲಾರ್ಧದಲ್ಲಿ ಉತ್ತರಕ್ಕೆ. ನಾವು 13 ಡಿಗ್ರಿ ಉತ್ತರದಲ್ಲಿದ್ದೀವಿ. ಮುಂದಿನ ಸಲ ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗ ಸೆಲ್ಫಿ ಆದ ಮೇಲೆ ಫೋನಲ್ಲಿ ದಿಕ್ಸೂಚಿ ತೆಗೆದು ಎತ್ತರದ ಅರಾಕೇರಿಯಾಗಳನ್ನ ನೋಡಿ. ದಕ್ಷಿಣಕ್ಕೆ ತಲೆ ಬಾಗಿಸಿದ್ರೆ ಕುಕ್ ಅಂತ ಅನುಮಾನ ಪಡೋಕೆ ಕಾರಣ ಸಿಕ್ತು.

ಭಾಗ 6

ಬೋನ್ಸಾಯ್ ಮಾಡೋರಿಗೆ. ನಮ್ಮಲ್ಲಿ ವಾಮನ ವೃಕ್ಷ ಅಂತ ಚಂದದ ಹೆಸರಿದೆ. ಲಾಲ್‌ಬಾಗ್ ಪ್ರದರ್ಶನದಲ್ಲಿ ಇಕೆಬಾನ ಜೊತೆ ಬೋನ್ಸಾಯ್ ಸ್ಪರ್ಧೆ ಇರುತ್ತೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಬೋನ್ಸಾಯ್‌ಗೇ ಒಂದು ತೋಟ ಇದೆ. ಅಲ್ಲೆಲ್ಲ ಆಲ, ಅರಳಿ, ಬಸರಿ ಜಾತಿ ಜಾಸ್ತಿ ಯಾಕೆ ಅಂದ್ರೆ ಅವು ಕತ್ತರಿಗೆ ಹೆದರಲ್ಲ.

ಶಿಡ್ಲಘಟ್ಟ ಕಡೆಯವರಿಗೆ ಇದನ್ನ ಹೇಳಬೇಕಾಗಿಲ್ಲ. ಹಿಪ್ಪುನೇರಳೆ ಕಡ್ಡಿ ಮುರಿದು ನೆಲಕ್ಕೆ ಊರಿ, ಗಿಡ. ಬುಡಕ್ಕೆ ಕತ್ತರಿಸಿ, ಮತ್ತೆ ಸೊಂಪಾಗಿ ಚಿಗುರು, ಹುಳಕ್ಕೆ ಸೊಪ್ಪು. ನಮ್ಮ ದ್ರಾಕ್ಷಿ ತೋಟದಲ್ಲೂ ಕಟಿಂಗ್ ಮಾಡಿದ್ರೇ ಬೆಳೆ. ಅರಾಕೇರಿಯಾ ಇದಕ್ಕೆ ಪೂರ್ತಿ ಉಲ್ಟಾ. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬಿಡಬಹುದು, ಆದ್ರೆ ಅದು ಜೀವಮಾನವಿಡೀ ಕೊಂಬೆಯಾಗೇ ಇರುತ್ತೆ. ನೆಲದ ಮೇಲೆ ಅಡ್ಡಡ್ಡ ಹರೀತಾ ಹೋಗುತ್ತೆ, ತಲೆ ಎತ್ತಲ್ಲ. ನೆಟ್ಟಗೆ ಬೆಳೆಯೋ ಮರ ಬೇಕಂದ್ರೆ ಮೇಲಿನ ಸುಳಿಯನ್ನೇ ಕತ್ತರಿಸಿ ನೆಡಬೇಕು, ಇಲ್ಲಾ ಬೀಜ ಬಿತ್ತಬೇಕು. ಬೀಜ ಬೇಗ ಜೀವ ಕಳ್ಕೊಳ್ಳುತ್ತೆ. ತಾಜಾ ಇರೋವಾಗಲೇ ಬಿತ್ತಬೇಕು.

ಸುಳಿ ಚಿವುಟಿದ್ರೆ ಕಾಂಡದಿಂದ ಹೊಸ ಸುಳಿ ಬರಬಹುದು, ಒಂದರ ಬದಲು ಎರಡು ಮೂರೂ ಬರಬಹುದು, ಆದ್ರೆ ಆ ನಕ್ಷತ್ರದಂಥ ಅಚ್ಚುಕಟ್ಟು ಹೋಯ್ತು. ಕೆಳಗಿನ ಕೊಂಬೆ ಒಣಗಿ ಬಿದ್ದರೆ ಆ ಜಾಗದಲ್ಲಿ ಮತ್ತೆ ಕೊಂಬೆ ಬರುತ್ತೆ ಅಂತ ಕಾಯಬೇಡಿ. ಕತ್ತಲೆ ಮೂಲೆಯಲ್ಲಿ ಟಿವಿ ಪಕ್ಕ ಇಟ್ಟ ಗಿಡಗಳು ಬುಡ ಬೋಳಾಗಿ ತೆಂಗಿನ ಗಿಡದ ಥರ ಕಾಣೋದು ಇದಕ್ಕೇ. ಬೆಳಕು ಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದ ನೇರ ಬಿಸಿಲಿಗೆ ಎಳೆ ಗಿಡ ಸುಡುತ್ತೆ, ಬೆಳಗಿನ ಬಿಸಿಲು ಸಾಕು. ಕೆಮ್ಮಣ್ಣು ಒಂದನ್ನೇ ತುಂಬಿದ್ರೆ ಗಟ್ಟಿಯಾಗಿ ನೀರು ನಿಲ್ಲುತ್ತೆ. ಅರ್ಧದಷ್ಟು ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಹಳೇ ಕೊಟ್ಟಿಗೆ ಗೊಬ್ಬರ. ಬೇರನ್ನ ಒಂದೇ ಸಲ ಜಾಸ್ತಿ ಕತ್ತರಿಸೋದು ಬೇಡ.

ನನ್ನ ಕಣ್ಣಿಗೆ ಇದಕ್ಕೆ ಒಪ್ಪೋ ಶೈಲಿ ಒಂದೇ. ನರ್ಸರಿ ಕುಂಡ ಬಿಚ್ಚಿ ನೋಡಿ, ಸಾಮಾನ್ಯವಾಗಿ ಒಂದು ಗಿಡ ಇರಲ್ಲ, ಮೂರೋ ಐದೋ ಸಸಿ ಒಟ್ಟಿಗೆ ಇರುತ್ವೆ. ಅವನ್ನ ನಿಧಾನಕ್ಕೆ ಬಿಡಿಸಿ, ಅಗಲವಾದ ತಟ್ಟೆ ಕುಂಡದಲ್ಲಿ ದೊಡ್ಡದು ನಡುವೆ, ಚಿಕ್ಕವು ಅಂಚಿಗೆ, ಸಾಲು ತಪ್ಪಿಸಿ ನೆಡಿ. ಒಂದು ಚೂರು ಸ್ಕಂದಗಿರಿ ಕಲ್ಲು ಇಡಿ. ಮರವನ್ನ ತಿರುಚಿ ಮುದುಕ ಮಾಡೋ ಬದಲು ಪುಟ್ಟ ಕಾಡು. ತಂತಿ ಸುತ್ತಿ ಡೊಂಕು ಮಾಡಿದ ಅರಾಕೇರಿಯಾ ನೋಡಿದ್ದೀನಿ, ಒಳ್ಳೇ ಹುಡುಗನನ್ನ ಹಿಡಿದು ಬಲವಂತಕ್ಕೆ ಡ್ಯಾನ್ಸ್ ಮಾಡಿಸಿದ ಹಾಗಿತ್ತು.

ಭಾಗ 7

ಹಾಗಾದ್ರೆ ಅಪಾಯದಲ್ಲಿರೋ ಮರವನ್ನ ಕುಂಡದಲ್ಲಿ ಸಾಕಿದ್ರೆ ಅದನ್ನ ಉಳಿಸಿದ ಹಾಗಾ? ಫಲಕ ಹಿಡಿದು ಹಾಗೆ ಹೇಳೋರು ಸಿಗ್ತಾರೆ. ನಾನು ಒಪ್ಪಲ್ಲ. ಲೋಕದ ನರ್ಸರಿಗಳಲ್ಲಿ ಈ ಗಿಡಕ್ಕೆ ಲೆಕ್ಕವೇ ಇಲ್ಲ, ಆದ್ರೂ ಕೆಂಪು ಪಟ್ಟಿಯಿಂದ ಹೆಸರು ಹೋಗಿಲ್ಲ. ಪಟ್ಟಿ ಎಣಿಸೋದು ಹುಟ್ಟೂರಿನ ಕಾಡನ್ನ, ನಮ್ಮ ತಾರಸಿಯನ್ನಲ್ಲ.

ಅಲ್ಲಿ ನಡೆದ ಕೆಲಸ ನೋಡಿ. ನಾರ್ಫೋಕ್ ಪಕ್ಕದ ಪುಟ್ಟ ಫಿಲಿಪ್ ದ್ವೀಪಕ್ಕೆ ಸೆರೆಮನೆ ಕಾಲದಲ್ಲಿ ಹಂದಿ, ಮೇಕೆ, ಮೊಲ ಬಿಟ್ಟಿದ್ರು. ಅವು ಚಿಗುರೆಲ್ಲ ಮೇದು ದ್ವೀಪ ಬರೀ ಕೆಂಪು ಮಣ್ಣಾಯ್ತು. 1980ರ ದಶಕದಲ್ಲಿ ಕೊನೆಯ ಮೊಲಗಳನ್ನೂ ತೆಗೆದ ಮೇಲೆ ಹಸಿರು ತಾನಾಗೇ ತಿರುಗಿ ಬರೋಕೆ ಶುರುವಾಯ್ತು. ಅದೇ ದಶಕದಲ್ಲಿ ನಾರ್ಫೋಕ್‌ನಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು.

ಇನ್ನೊಂದು ಕಥೆ ಸಿಡ್ನಿಯ ಮ್ಯಾನ್ಲಿ ಬೀಚಿನದು. ದಡದುದ್ದಕ್ಕೂ ನಾರ್ಫೋಕ್ ಪೈನ್ ಸಾಲು. ಉಪ್ಪುಗಾಳಿಗೇ ಹುಟ್ಟಿದ ಮರ, ಆದ್ರೂ 1960, 70ರ ದಶಕದಲ್ಲಿ ಒಂದೊಂದಾಗಿ ಒಣಗಿದ್ವು. ಕಾರಣ ಹುಡುಕಿದ್ರೆ ಬಟ್ಟೆ ಸೋಪು! ನಗರದ ಚರಂಡಿ ನೀರು ಸಮುದ್ರಕ್ಕೆ, ಅದರಲ್ಲಿದ್ದ ಡಿಟರ್ಜೆಂಟ್ ಅಲೆಯ ತುಂತುರಿನ ಜೊತೆ ಎಲೆಗೆ. ಎಲೆಯ ಉಪ್ಪು ತಡೆಯೋ ಶಕ್ತಿಯನ್ನ ಡಿಟರ್ಜೆಂಟ್ ಮುರಿದು ಹಾಕಿ ಉಪ್ಪು ಒಳಗೆ ನುಗ್ತು. ಬೆಳ್ಳಂದೂರು, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದ ವಿಡಿಯೋ ನೋಡಿದ್ದೀರಲ್ಲ? ಆ ನೊರೆ ಏಳಿಸೋದರಲ್ಲೂ ಇದೇ ಥರದ ಡಿಟರ್ಜೆಂಟ್ ಇದೆ. ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕಂದವಾರ ಕೆರೆಗೂ ಬರುತ್ತೆ. ಮೂರನೇ ಹಂತದ ಶುದ್ಧಿಯೂ ಆಗಲಿ ಅಂತ ನಮ್ಮ ಜಿಲ್ಲೆಯ ಜನ ಕೇಳ್ತಾನೇ ಇದ್ದಾರೆ. ಬತ್ತಿದ ಕೆರೆ ತುಂಬಿದ್ದು ನಿಜ, ಆ ಬೇಡಿಕೆ ನ್ಯಾಯ ಅನ್ನೋದೂ ನಿಜ. ನನ್ನ ಕುಂಡಕ್ಕೆ ಸದ್ಯಕ್ಕೆ ತಾರಸಿಯ ಮಳೆನೀರು.

ಭಾಗ 8

ಕುಂಡದ ಗಿಡಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಅಮೆರಿಕದ ರಾಷ್ಟ್ರೀಯ ಅರ್ಬೋರಿಟಮ್‌ನಲ್ಲಿ ಒಂದು ಜಪಾನಿ ಬಿಳಿ ಪೈನ್ ಬೋನ್ಸಾಯ್ ಇದೆ. ಅದರ ಆರೈಕೆ ಶುರುವಾದದ್ದು 1625ರಲ್ಲಿ. ಹಿರೋಶಿಮಾದ ಯಮಾಕಿ ಮನೆತನದ್ದು. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದಾಗ ಆ ಗಿಡ ಮನೆಯ ಗೋಡೆಯ ಮರೆಯಲ್ಲಿತ್ತು, ಉಳೀತು. 1976ರಲ್ಲಿ ಅವರು ಅದನ್ನ ಅಮೆರಿಕಕ್ಕೇ ಉಡುಗೊರೆ ಕೊಟ್ಟರು, ಬಾಂಬಿನ ಮಾತು ದೊಡ್ಡದು ಮಾಡಲಿಲ್ಲ. 2001ರಲ್ಲಿ ಮೊಮ್ಮಕ್ಕಳು ಗಿಡ ನೋಡೋಕೆ ಬಂದಾಗಲೇ ಅಲ್ಲಿನವರಿಗೆ ಪೂರ್ತಿ ಕಥೆ ಗೊತ್ತಾದದ್ದು. ಗಿಡ ಯಾವ ಜಾತಿ, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದನ್ನ ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದಿದ್ದಕ್ಕೇ ಇವತ್ತು ಅದು ಸಾಕ್ಷಿ.

ನಮ್ಮ ಕುಂಡಗಳಿಗೆ ಇಲ್ಲದೇ ಇರೋದು ಅದೇ. ನನಗೆ ಮಾರಿದ ನರ್ಸರಿಯವರಿಗೆ ಸಸಿ ಎಲ್ಲಿಂದ ಬಂತು ಅಂತ ಕೇಳಿದೆ, "ಲಾರಿಯಲ್ಲಿ ಬರುತ್ತೆ" ಅಂದ್ರು. ಬೀಜ ಯಾವ ಮರದ್ದು, ಯಾವ ಜಾತಿ, ಏನೂ ಇಲ್ಲ. 1891ರಲ್ಲಿ ಕ್ಯಾಮರನ್ ಲಾಲ್‌ಬಾಗ್ ಮತ್ತು ಸುತ್ತಮುತ್ತಲಿನ ಗಿಡಗಳ ಪಟ್ಟಿಯನ್ನ ಅಚ್ಚು ಹಾಕಿಸಿದ್ದ, ಹೆಸರು ಹೆಸರಾಗಿ. ಸಾಮ್ರಾಜ್ಯ ಗಿಡಗಳನ್ನ ಹೊತ್ತುಕೊಂಡು ಬಂದದ್ದು ತನ್ನ ಲಾಭಕ್ಕೇ, ಆದ್ರೆ ಲೆಕ್ಕ ಇಟ್ಟಿತ್ತು. ನಾವು ಲೆಕ್ಕವನ್ನ ಕೈಬಿಟ್ಟು ಗಿಡ ಮಾತ್ರ ಮಾರ್ತಿದ್ದೀವಿ.

ಕೊನೇ ಫೋಟೋ ನನ್ನ ಕುಂಡದ ಚೀಟಿ. ಹಳೇ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ, ಪೆನ್ಸಿಲ್‌ನಲ್ಲಿ ಬರೆದದ್ದು. ಪೆನ್ನಿನ ಶಾಯಿ ಎರಡು ಮಳೆಗೆ ಅಳಿಸಿ ಹೋಗುತ್ತೆ, ಪೆನ್ಸಿಲ್ ನಿಲ್ಲುತ್ತೆ. ನೀವೂ ಹೀಗೇ ಬರೀರಿ: ಅರಾಕೇರಿಯಾ, ಜಾತಿ ಖಚಿತವಿಲ್ಲ. ಐದು ಸಸಿ. ತಂದ ತಿಂಗಳು, ವರ್ಷ. ತಂದ ಊರು. ಕುಂಡ ಬದಲಾಯಿಸಿದ ದಿನ. ಮತ್ತೆ ಕೆಳಗೆ ಒಂದು ಖಾಲಿ ಸಾಲು, ಕಾಂಡ ಬಲಿತು ತೊಗಟೆ ಸುರುಳಿ ಏಳುತ್ತೋ ಇಲ್ಲವೋ ಅಂತ ತಿಳಿದ ದಿನ ತುಂಬೋಕೆ.

#ಕಳವಾರ #ಸ್ಕಂದಗಿರಿ #ನಂದಿಬೆಟ್ಟ #ವಾಮನವೃಕ್ಷ #ಮರದಇತಿಹಾಸ